ಗುರ್ರಪ್ಪಗಳ ಊರಿನ ಪುಕ್ಕಲಿ

ನನ್ನಷ್ಟು ಪುಕ್ಕಲಿ ನಮ್ಮೂರಿನಲ್ಲಿ ಇನ್ನೊಬ್ಬಳಿರಲಿಲ್ಲ. ಇದು ನಾನಾಗಿ ಹೇಳಿಕೊಳ್ಳುವ ಮಾತಲ್ಲ, ಪುರಸಭೆಯ ಕಡತದಲ್ಲೇ ಇದೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಎಲ್ಲರ ಎದೆಬಡಿತ ಅಳೆದು ಬರೆದಿಡುತ್ತಾರೆ. ಸತತ ನಾಲ್ಕು ವರ್ಷ ಆ ಪಟ್ಟಿಯ ತಲೆಯ ಮೇಲೆ ಇದ್ದದ್ದು ಒಂದೇ ಹೆಸರು: ಸರ್ವಮಂಗಳ, ಟೈಲರ್, ಜವಳಿ ಮಳಿಗೆ ಕಟ್ಟಡ, ಮೇಲಿನ ಮಹಡಿ. ಕುಕ್ಕರ್ ಕೂಗಿದರೆ ಬೆಚ್ಚುತ್ತಿದ್ದೆ, ಕೂಗದಿದ್ದರೆ ಇನ್ನೂ ಬೆಚ್ಚುತ್ತಿದ್ದೆ. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೂ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ಎಳೆದು ನೋಡುತ್ತಿದ್ದೆ. ಎಳೆದೂ ಎಳೆದೂ ಬೀಗವೇ ಸಡಿಲವಾಗಿ, ಕೊನೆಗೆ ನನ್ನ ಭಯ ನಿಜವಾಯಿತು.

ಅಂಥ ನನಗೆ ಗುರ್ರಪ್ಪ ಸಿಕ್ಕಿದ್ದು ದೇವರು ಕೊಟ್ಟ ವರವೆಂದೇ ತಿಳಿದಿದ್ದೆ. ಅದನ್ನು ಮನೆಮನೆಗೆ ಹಂಚಿದ ಪುರಸಭೆಯ ಕಾಗದದಲ್ಲಿ ಅದರ ಹೆಸರು 'ಸಾಂತ್ವನ ಸಹಚರ'. ಆ ಹೆಸರು ಕಾಗದದಿಂದ ಕೆಳಗಿಳಿಯಲೇ ಇಲ್ಲ. ಮೊಲದ ಕಿವಿ, ಬೆಕ್ಕಿನ ಮೈ, ಎಮ್ಮೆಗರುವಿನ ಕಣ್ಣು. ಒಳಗೆ ಮೋಟಾರು, ಹೊರಗೆ ಮೆತ್ತನೆಯ ಕೂದಲು. ಎದೆಗೆ ಅವುಚಿಕೊಂಡರೆ ನಮ್ಮ ಎದೆಬಡಿತವನ್ನು ಕೇಳಿಸಿಕೊಳ್ಳುತ್ತದೆ. ಬಡಿತ ಏರಿದರೆ ಅದರ ಹೊಟ್ಟೆ ಬೆಚ್ಚಗಾಗಿ 'ಗುರ್ರ್' ಎನ್ನತೊಡಗುತ್ತದೆ. ಬಡಿತ ಏರಿದಷ್ಟೂ ಗುರುಗುಟ್ಟುವುದೂ ಏರುತ್ತದೆ. ನಡುನಡುವೆ ಹೆಣ್ಣುದನಿಯಲ್ಲಿ "ಆಯ್ತು, ಆಯ್ತು" ಎನ್ನುತ್ತದೆ. ಹಣೆಯ ಮೇಲೊಂದು ಪುಟ್ಟ ದೀಪ. ನಮಗೆ ಗಾಬರಿಯಾದರೆ ಕೆಂಪು, ಸಮಾಧಾನವಾದರೆ ಹಸಿರು. ಎದೆಯಿಂದ ತೆಗೆದು ಕೆಳಗಿಟ್ಟರೆ ಗುಮ್ಮನೆ ಕೂರುತ್ತದೆ.

ನಮ್ಮೂರಲ್ಲಿ ದೊಡ್ಡವರಾದವರು ಗುರ್ರಪ್ಪನಿಲ್ಲದೆ ಬೀದಿಗೆ ಇಳಿಯುವಂತಿರಲಿಲ್ಲ. ನೋಡನೋಡುತ್ತ ಅದೇ ರೂಢಿಯಾಯಿತು. ಎದುರಾದವರು ಮೊದಲು ಹಣೆದೀಪ ನೋಡಿ ಆಮೇಲೆ ಮುಖ ನೋಡುತ್ತಿದ್ದರು. ಹೆಣ್ಣು ನೋಡಲು ಬಂದವರು ಹುಡುಗಿಯ ದೀಪ ಹಸಿರಿದ್ದರೆ "ಒಪ್ಪಿಗೆ ಇದೆ" ಎಂದು ತಾಂಬೂಲ ಬದಲಿಸಿಕೊಳ್ಳುತ್ತಿದ್ದರು; ಹುಡುಗಿಯನ್ನು ಕೇಳುವ ತಾಪತ್ರಯ ತಪ್ಪಿತು. ಧಾರೆಯಲ್ಲಿ ಗಂಡು ಹೆಣ್ಣಿನ ಗುರ್ರಪ್ಪಗಳಿಗೂ ಬಾಸಿಂಗ ಕಟ್ಟಿದರು. ಸಾವಿನ ಮನೆಯಲ್ಲಿ ಅಳುವಿಗಿಂತ ಗುರುಗುಟ್ಟುವುದೇ ಜೋರಾಗಿ, ಹೋದವರು ಯಾರೆಂದು ಪಕ್ಕದವರನ್ನು ಕೇಳಿ ತಿಳಿಯಬೇಕಾಗುತ್ತಿತ್ತು. ನನಗಂತೂ ಕೈತುಂಬ ಕೆಲಸ. ಹೆಂಗಸರು ತಮ್ಮ ರವಿಕೆಯ ಬಟ್ಟೆಯಲ್ಲೇ ಉಳಿಸಿ ಗುರ್ರಪ್ಪನಿಗೊಂದು ಅಂಗಿ ಹೊಲಿಸುತ್ತಿದ್ದರು, ಅದೇ ಬಾರ್ಡರು, ಅದೇ ಪೈಪಿಂಗು. ಬಟ್ಟೆ ಸಾಲದಿದ್ದರೆ "ನನ್ನ ತೋಳು ಗಿಡ್ಡ ಮಾಡು, ಅವನದ್ದು ಮಾಡ್ಬೇಡ" ಎನ್ನುತ್ತಿದ್ದರು.

ಅದರಿಂದ ಸುಖ ಸಿಗಲಿಲ್ಲ ಎಂದರೆ ನಾಲಿಗೆಗೆ ಹುಳ ಬೀಳಲಿ. ನಲವತ್ತೆಂಟು ವರ್ಷ ಹೊತ್ತುಕೊಂಡು ತಿರುಗಿದ ಗಾಬರಿಯನ್ನು ಅದು ಹತ್ತು ನಿಮಿಷದಲ್ಲಿ ಇಳಿಸುತ್ತಿತ್ತು. ಆದರೆ ನನ್ನ ಎದೆಯ ಹೊಡೆತ ತಡೆಯಲಾರದೆ ಎರಡು ಮೋಟಾರು ಸುಟ್ಟುಹೋದವು. ಮೂರನೆಯದಾಗಿ ನನಗೆಂದೇ ದೊಡ್ಡ ಗಾತ್ರದ್ದನ್ನು ತರಿಸಿಕೊಟ್ಟರು. ಅದನ್ನೆತ್ತಿಕೊಂಡು ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ ಬಡಿದುಕೊಂಡು, ಅದು ಗುರುಗುಟ್ಟಲು ಶುರುಮಾಡುತ್ತಿತ್ತು.

ಅಂಗಡಿಯಲ್ಲಿ ನನ್ನ ಜತೆಗಿದ್ದವರು ಖಲಂದರ್ ಚಾಚಾ. ಗಂಡಸರ ಬಟ್ಟೆ ಅವರದು, ಹೆಂಗಸರದು ನನ್ನದು. ಎಪ್ಪತ್ತು ದಾಟಿದ ಆಸಾಮಿ. ಗುಡುಗು ಬಿದ್ದರೂ ಕತ್ತರಿ ನೆಟ್ಟಗೆ ಹೋಗುತ್ತಿತ್ತು. ಅವರ ಗುರ್ರಪ್ಪ ಒಂದು ದಿನವೂ ಗುರ್ರೆಂದದ್ದನ್ನು ನಾನು ಕೇಳಲಿಲ್ಲ. ಸುಮ್ಮನೆ ಬಿದ್ದಿರುವುದೇಕೆಂದು ಚಾಚಾ ಅದರ ಬೆನ್ನಿಗೆ ಗುಂಡುಸೂಜಿ ಚುಚ್ಚಿಡುತ್ತಿದ್ದರು.

ಶ್ರಾವಣದ ಮೊದಲ ವಾರ, ರವಿಕೆಗಳ ರಾಶಿಯ ನಡುವೆ ಕೂತಿದ್ದಾಗ ನನ್ನ ಕೈಯಿಂದ ದಾರ ಸುತ್ತಿದ ಬಾಬಿನ್ನು ಜಾರಿ ನೆಲಕ್ಕೆ ಬಿತ್ತು. ಬಿದ್ದದ್ದು ಗೋಡೆಯ ಮಗ್ಗುಲಿಗೆ. ಅಲ್ಲಿಂದ ಅದು ಯಾರೋ ಕರೆದಂತೆ ನಿಧಾನವಾಗಿ ಉರುಳಿ ಅಂಗಡಿಯ ನಟ್ಟನಡುವೆ ಹೋಗಿ ನಿಂತಿತು. ಇನ್ನೊಂದು ಬಾಬಿನ್ನನ್ನು ಬಾಗಿಲ ಹತ್ತಿರ ಇಟ್ಟೆ. ಅದೂ ನಡುವಿಗೇ ಉರುಳಿತು. ನೆಲ ತಗ್ಗಿತ್ತು. ನನ್ನ ಎದೆ ಧಸಕ್ಕೆಂದಿತು.

"ಚಾಚಾ, ನೆಲ ಕುಸೀತಿದೆ."

"ಹೋದ ವಾರ ಆಕಾಶ ಕುಸೀತಿತ್ತು," ಎಂದರು ಚಾಚಾ, ತಲೆ ಎತ್ತದೆ. "ನಿನಗೆ ಭಯ ಇಲ್ಲದ ದಿನ ಹೇಳು ಮಂಗಳಮ್ಮ, ಅವತ್ತು ನಾನು ಎದ್ದು ನೋಡ್ತೀನಿ."

ನಾನು ಕೆಳಗೆ ಓಡಿದೆ. ನಮ್ಮ ಅಂಗಡಿಯ ಕೆಳಗಿರುವುದು ಊರಿನ ಸಭಾಂಗಣ. ತಲೆ ಎತ್ತಿ ನೋಡಿದರೆ, ಚಾವಣಿಯ ನಡುತೊಲೆಯಲ್ಲಿ ಈ ತುದಿಯಿಂದ ಆ ತುದಿಗೆ ಬಿರುಕು. ನನ್ನ ಕಿರುಬೆರಳು ತೂರುವಷ್ಟು ಅಗಲ. ಕಟ್ಟಡ ಪುರಸಭೆಯದು, ಹಾಗಾಗಿ ಪುರಸಭೆಗೇ ಹೋದೆ.

ಅಹವಾಲಿನ ಕಿಟಕಿಯ ಮೇಲೆ 'ಶಾಂತಚಿತ್ತರಾಗಿ ಬನ್ನಿ' ಎಂದು ಬರೆದಿತ್ತು. ಕಿಟಕಿಯ ಹಿಂದೆ ಗುಮಾಸ್ತ ನೀಲಕಂಠಪ್ಪ. ಕೆಟ್ಟವನಲ್ಲ. ಯಾರ ಮೇಲೂ ದನಿ ಏರಿಸಿದವನಲ್ಲ. ಅವನಷ್ಟು ಮೆತ್ತಗೆ ಮಾತಾಡುವವರು ಊರಿನಲ್ಲಿ ಗುರ್ರಪ್ಪ ಬಿಟ್ಟರೆ ಇನ್ನಾರೂ ಇರಲಿಲ್ಲ.

"ಸಾರ್, ಸಭಾಂಗಣದ ತೊಲೆ..."

"ದೀಪ ಕೆಂಪಿದೆಯಲ್ಲಮ್ಮ. ಅಲ್ಲಿ ಬೆಂಚಿದೆ, ಕೂತ್ಕೊಳ್ಳಿ. ತಲೆ ಸವರಿ. ಹಸಿರಾದ್ಮೇಲೆ ಬನ್ನಿ, ಎಷ್ಟು ಬೇಕಾದ್ರೂ ಹೇಳೋರಂತೆ."

ಬೆಂಚಿನ ಮೇಲೆ ಕೂತೆ. ದೊಡ್ಡ ಗುರ್ರಪ್ಪ ತೊಡೆ ತುಂಬ ಕೂತು ಎದೆಗೊರಗಿ ಗುರುಗುಟ್ಟಿತು. ಆಯ್ತು, ಆಯ್ತು. ಬೆಚ್ಚಗೆ, ಹಿತವಾಗಿ, ಹಬ್ಬದೂಟ ಮುಗಿಸಿ ಒರಗಿದ ಹಾಗೆ ಒಂದು ಮಂಪರು. ಅರ್ಧ ಗಂಟೆಗೆ ದೀಪ ಹಸಿರಾಯಿತು.

"ಈಗ ಹೇಗನ್ನಿಸ್ತಿದೆ?"

"ಪರವಾಗಿಲ್ಲ ಸಾರ್."

ನೀಲಕಂಠಪ್ಪ ಬರೆದುಕೊಂಡ. ಬರೆದದ್ದನ್ನು ಓದಿಯೂ ಹೇಳಿದ: "ಅರ್ಜಿದಾರರು 'ಪರವಾಗಿಲ್ಲ' ಎಂದಿರುತ್ತಾರೆ. ಅಹವಾಲು ಇತ್ಯರ್ಥವಾಗಿದೆ." ಠಸ್ಸೆಂದು ಮೊಹರು ಬಿತ್ತು.

"ಅಲ್ಲ ಸಾರ್, ತೊಲೆ..." ಎನ್ನುವಷ್ಟರಲ್ಲಿ ಮತ್ತೆ ಎದೆ ಏರಿತು.

"ನೋಡಿ, ಕೆಂಪಾಯ್ತು. ಕೂತ್ಕೊಳ್ಳಿ," ಎಂದ ಅವನು ಅಷ್ಟೇ ಮೆತ್ತಗೆ.

ಹೀಗೆ ಮೂರು ಸಲ ಹೋದೆ, ಮೂರು ಸಲ ಇತ್ಯರ್ಥವಾದೆ. ಬರುವಾಗ ಪ್ರತಿ ಸಲವೂ, ನಿಜ ಹೇಳುತ್ತೇನೆ, ನೆಮ್ಮದಿಯಾಗಿಯೇ ಇರುತ್ತಿತ್ತು. ತೊಲೆಗೇನಾಗಿದೆ, ನಲವತ್ತು ವರ್ಷ ನಿಂತಿಲ್ಲವೇ ಎನ್ನಿಸುತ್ತಿತ್ತು. ಅಂಗಡಿಗೆ ಬಂದು ಬಾಬಿನ್ನು ಕೆಳಗಿಟ್ಟರೆ ಮಾತ್ರ ಅದು ಮೊದಲಿಗಿಂತ ಚುರುಕಾಗಿ ಓಡುತ್ತಿತ್ತು.

ಚಾಚಾ ಎದ್ದು ನೋಡುವ ದಿನವೂ ಬಂತು. ಅವತ್ತು ಅಂಗಡಿಯಲ್ಲಿ ಏಳೆಂಟು ಹೆಂಗಸರು. ಒಬ್ಬರ ಅಂಚು ಇನ್ನೊಬ್ಬರ ರವಿಕೆಗೆ ಹೋಗಿ ಜಗಳ ಹತ್ತಿಕೊಂಡಿತ್ತು. ಎಲ್ಲರ ಎದೆ ಏರಿ, ಎಲ್ಲರ ಗುರ್ರಪ್ಪಗಳೂ ಒಟ್ಟಿಗೆ ಗುರುಗುಟ್ಟತೊಡಗಿದವು. ಚಾಚಾ ನೆಲದ ಮೇಲಿಟ್ಟಿದ್ದ ಚಹಾದ ಲೋಟವನ್ನೇ ನೋಡುತ್ತಿದ್ದರು. ಚಹಾದಲ್ಲಿ ಸಣ್ಣ ಸಣ್ಣ ಅಲೆಗಳು ಏಳುತ್ತಿದ್ದವು. ಕೆಳಗೆ ಸಭಾಂಗಣದಲ್ಲಿ ಏನೋ ಉದುರಿದ ಸದ್ದು. ಹೆಂಗಸರು ಹೋದ ಮೇಲೆ ಅಲೆ ನಿಂತಿತು.

"ಮಂಗಳಮ್ಮ," ಎಂದರು ಚಾಚಾ. ಅವರ ದನಿ ಸಣ್ಣಗಾದದ್ದನ್ನು ಅವತ್ತೇ ಕೇಳಿದ್ದು. "ಇವುಗಳ ಗುರ್ರಿಗೇ ತೊಲೆ ನಡುಗ್ತಾ ಇದೆ. ಭಯ ಹೆಚ್ಚಾದಷ್ಟೂ ನಡುಗುತ್ತೆ. ನಾನೇ ಹೋಗಿ ಹೇಳ್ತೀನಿ. ನಂದು ಯಾವಾಗ್ಲೂ ಹಸಿರು, ನನ್ನನ್ನ ಬೆಂಚಿನ ಮೇಲೆ ಕೂರಿಸೋ ಹಾಗಿಲ್ಲ."

ಗುಂಡುಸೂಜಿಗಳನ್ನೆಲ್ಲ ಕಿತ್ತು, ಗುರ್ರಪ್ಪನ ಬೆನ್ನು ಒರೆಸಿ, ಎದೆಗವುಚಿಕೊಂಡು ಹೋದರು. ಕಾಲು ಗಂಟೆಯಲ್ಲಿ ವಾಪಸು ಬಂದರು. ಕೂತು, ಮತ್ತೆ ಒಂದೊಂದೇ ಸೂಜಿ ಚುಚ್ಚತೊಡಗಿದರು. ಈ ಸಲ ಸ್ವಲ್ಪ ಆಳಕ್ಕೆ.

"ಏನಂದ ಚಾಚಾ?"

"ಹಸಿರೇ ಇದೆಯಲ್ಲ ಸಾಬರೇ, ನಿಮಗೇನೂ ತೊಂದರೆ ಇಲ್ಲ ಅಂತಾಯ್ತು ಅಂದ. ನನಗಿಲ್ಲಪ್ಪ, ಕಟ್ಟಡಕ್ಕಿದೆ ಅಂದೆ. ಕಟ್ಟಡಕ್ಕೆ ಗುರ್ರಪ್ಪ ಮಂಜೂರಾಗಿಲ್ಲವಲ್ಲ, ಅದರ ಅಹವಾಲು ಹೇಗೆ ತಗೊಳ್ಳೋದು ಅಂದ."

ಅದಾದ ಹದಿನೈದು ದಿನಕ್ಕೆ ನೀಲಕಂಠಪ್ಪ ಅಂಗಡಿಯ ಮೆಟ್ಟಿಲೇರಿ ಬಂದ. ತೊಲೆ ನೋಡಲು ಬಂದನೆಂದು ನನಗೆ ಜೀವ ಬಂದಂತಾಯಿತು. ಅವನ ಕೈಯಲ್ಲಿ ಬಂಗಾರದ ಬಣ್ಣದ ಅಂಚಿನ ಆಮಂತ್ರಣ ಪತ್ರಿಕೆಯಿತ್ತು. ಪುರಸಭೆಯ ನೆಮ್ಮದಿ ದಿನಾಚರಣೆ. ಅಧ್ಯಕ್ಷ ಶಿವನಂಜಪ್ಪನವರ ಘನ ಉಪಸ್ಥಿತಿ. ಅದರ ಕೆಳಗೆ: 'ಒಂದೇ ತಿಂಗಳಲ್ಲಿ ಮೂರು ಬಾರಿ ಸಮಾಧಾನಗೊಂಡ ಏಕೈಕ ನಾಗರಿಕರಾದ ಶ್ರೀಮತಿ ಸರ್ವಮಂಗಳ ಅವರಿಗೆ ನೆಮ್ಮದಿರತ್ನ ಪ್ರಶಸ್ತಿ ಪ್ರದಾನ'. ಸ್ಥಳ: ಸಭಾಂಗಣ.

"ಸಾರ್, ಆ ಹಾಲ್ ಬೇಡ. ಮೈದಾನದಲ್ಲಿ ಮಾಡಿ."

"ಬ್ಯಾನರ್ ಕಟ್ಟಿ ಆಗಿದೆಯಮ್ಮ. ಹಾಜರಿ ಕಡ್ಡಾಯ ಅಂತ ಡಂಗುರಾನೂ ಹೊಡೆಸಿ ಆಗಿದೆ," ಎಂದು ನನ್ನ ಗುರ್ರಪ್ಪನ ಹಣೆ ನೋಡಿದ. "ಪ್ರಶಸ್ತಿ ತಗೊಳ್ಳೋವಾಗ ಒಂಚೂರು ಹಸಿರಿರ್ಲಿ. ಫೋಟೋ ತೆಗೀತಾರೆ."

ನಮ್ಮದು ಪುಟ್ಟ ಊರು. ಊರಲ್ಲಿ ಎಷ್ಟು ಜನ ಎಂದು ಯಾರಾದರೂ ಕೇಳಿದರೆ, ಸಭಾಂಗಣದಲ್ಲಿ ಎಷ್ಟು ಕುರ್ಚಿಯಿದೆಯೋ ಅಷ್ಟು ಎನ್ನುವುದೇ ಉತ್ತರ. ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಅಷ್ಟೂ ಕುರ್ಚಿ ತುಂಬಿದ್ದವು. ಪ್ರತಿ ಎದೆಯ ಮೇಲೂ ಒಂದು ಗುರ್ರಪ್ಪ, ಅರ್ಧಕ್ಕರ್ಧ ನಾನೇ ಹೊಲಿದ ಅಂಗಿ ತೊಟ್ಟು ಕೂತಿದ್ದವು. ಬ್ಯಾನರನ್ನು ನಡುತೊಲೆಯ ಉದ್ದಕ್ಕೂ, ಸರಿಯಾಗಿ ಬಿರುಕಿನ ಮೇಲೇ ಬಿಗಿದು ಕಟ್ಟಿದ್ದರು. 'ಭಯಮುಕ್ತ ನಗರ' ಎಂದು ಅದರ ಮೇಲೆ ಬರೆದಿತ್ತು.

ನನ್ನನ್ನು ವೇದಿಕೆಯ ಮೇಲೆ ಅಧ್ಯಕ್ಷರ ಪಕ್ಕಕ್ಕೆ ಕೂರಿಸಿದರು. ಪ್ರಾರ್ಥನೆಯಾಯಿತು, ಸ್ವಾಗತವಾಯಿತು. ಶಿವನಂಜಪ್ಪನವರು ಭಾಷಣಕ್ಕೆ ನಿಂತರು. ಹಿಂದೆ ಜನ ಕಿಟಕಿಯ ಮುಂದೆ ಗಲಾಟೆ ಮಾಡುತ್ತಿದ್ದರಂತೆ. ಈಗ ಬಂದವರೆಲ್ಲ ನಗುತ್ತ ಹಿಂತಿರುಗುತ್ತಿದ್ದಾರಂತೆ. "ಈ ತಾಯಿಯನ್ನೇ ನೋಡಿ," ಎಂದು ನನ್ನತ್ತ ಕೈ ತೋರಿದರು. "ಮೂರು ಸಲ ಅಳುತ್ತಾ ಬಂದರು. ಮೂರು ಸಲವೂ ಪುರಸಭೆ ಇವರ ಕಣ್ಣೀರು ಒರೆಸಿತು." ಚಪ್ಪಾಳೆ. ನಾನು ಅತ್ತಿರಲೇ ಇಲ್ಲ.

ಚಪ್ಪಾಳೆಯ ಸದ್ದಿಗೆ ನನ್ನ ಎದೆ ಏರಿ ದೊಡ್ಡ ಗುರ್ರಪ್ಪ ಶುರುವಾಯಿತು. ಅಧ್ಯಕ್ಷರ ಶಾಲಿನ ಮೇಲೆ ಚಿಟಿಕೆಯಷ್ಟು ಬಿಳಿ ಪುಡಿ ಬಿತ್ತು. ಅವರು ಹೂವಿನ ಪರಾಗವೆಂಬಂತೆ ಕೊಡವಿಕೊಂಡು ಮಾತು ಮುಂದುವರಿಸಿದರು. ನಾನು ಮೇಲೆ ನೋಡಿದೆ. ಬೆಳಿಗ್ಗೆ ಬಿಗಿಯಾಗಿದ್ದ ಬ್ಯಾನರ್ ನಡುವೆ ಜೋತುಬಿದ್ದಿತ್ತು. ಬ್ಯಾನರ್ ಯಾಕೆ ಜೋತುಬೀಳುತ್ತದೆ? ಅದರ ಹಿಂದಿನ ತೊಲೆ ಜೋತುಬಿದ್ದರೆ. ಮೂರನೆಯ ಸಾಲಿನಲ್ಲಿ ಖಲಂದರ್ ಚಾಚಾ ಕೂತಿದ್ದರು. ಅವರೂ ಅದನ್ನೇ ನೋಡುತ್ತಿದ್ದರು. ಅವರ ಗುರ್ರಪ್ಪನ ದೀಪ ಕೆಂಪಗಿತ್ತು. ಎಂದೂ ಹೆದರದ ಮನುಷ್ಯ ಅಂದು ಹೆದರಿದ್ದರು.

ಹಾರ, ಹಣ್ಣಿನ ಬುಟ್ಟಿ, ಫಲಕ. "ಎರಡು ಮಾತಾಡಿ" ಎಂದು ಮೈಕನ್ನು ನನ್ನ ಮುಂದಿಟ್ಟರು.

"ಎಲ್ರೂ ಹೊರಗೆ ಹೋಗಿ," ಎಂದೆ. "ತೊಲೆ ಬಿರುಕು ಬಿಟ್ಟಿದೆ. ಬೀಳುತ್ತೆ."

ಸಭಾಂಗಣದ ತುಂಬ ಹಸಿರಿದ್ದದ್ದೆಲ್ಲ ಕೆಂಪಾಯಿತು. ಒಬ್ಬರೂ ಏಳಲಿಲ್ಲ. ಹೆದರಿದಾಗ ಏಳುವುದನ್ನು ನಮ್ಮೂರಿನವರು ಮರೆತು ಯಾವ ಕಾಲವಾಯಿತೋ. ಅವರು ಕಲಿತಿದ್ದು ಅಪ್ಪಿಕೊಂಡು ಕೂರುವುದನ್ನು. ನೂರಾರು ಮೋಟಾರು ಒಟ್ಟಿಗೆ ಗುರ್ರೆಂದವು. ಕುರ್ಚಿಯ ಕಾಲು ನಡುಗಿತು. ಅಂಗೈಯಗಲದ ಗಾರೆ ಕಳಚಿ ಹಾರ್ಮೋನಿಯಂ ಮೇಲೆ ಬಿದ್ದು ಅದು ಅಪಸ್ವರದಲ್ಲಿ ಕಿರುಚಿಕೊಂಡಿತು.

ಅಧ್ಯಕ್ಷರು ಮೈಕು ಕಿತ್ತುಕೊಂಡರು. "ಯಾರೂ ಗಾಬರಿಯಾಗಬೇಡಿ! ಎಲ್ಲರೂ ತಮ್ಮ ತಮ್ಮ ಸಹಚರನನ್ನು ಎದೆಗೆ ಗಟ್ಟಿಯಾಗಿ ಒತ್ತಿಕೊಳ್ಳಿ!"

ಒತ್ತಿಕೊಂಡರು. ಗುರ್ರು ಇಮ್ಮಡಿಯಾಯಿತು. ಆಯ್ತು, ಆಯ್ತು, ಆಯ್ತು ಎಂದು ನೂರಾರು ಹೆಣ್ಣುದನಿಗಳು. ತೊಲೆಯೊಳಗಿಂದ ಒಣಕಟ್ಟಿಗೆ ಮುರಿದಂಥ ಸದ್ದು ಬಂತು.

ಆಗ ನನಗೆ ಹೊಳೆದದ್ದಿಷ್ಟು. ಇನ್ನೂ ಹೆದರಿಸಿದರೆ ಇವುಗಳ ಗುರ್ರಿಗೇ ಚಾವಣಿ ಬೀಳುತ್ತದೆ. ಸುಮ್ಮನಿದ್ದರೆ ಯಾರೂ ಕದಲುವುದಿಲ್ಲ. ಹೆದರದೇ ಏಳಬೇಕು, ಏಳುವಾಗ ಗುರ್ರಪ್ಪನನ್ನು ಕೆಳಗಿಡಬೇಕು. ನಾನು ಜೀವಮಾನದಲ್ಲಿ ಸುಳ್ಳು ಹೇಳಿದವಳಲ್ಲ. ಸತ್ಯವಂತೆಯೆಂದಲ್ಲ, ಸಿಕ್ಕಿಬೀಳುವ ಭಯ. ನನ್ನ ಗುರ್ರಪ್ಪನನ್ನು ಮೇಜಿನ ಮೇಲಿಟ್ಟೆ. ಅದು ಸುಮ್ಮನಾಯಿತು. ಎದೆ ಡವಡವ ಎನ್ನುತ್ತಿತ್ತು, ಸವರಿ ಇಳಿಸುವವರು ಯಾರೂ ಇರಲಿಲ್ಲ. ಅಧ್ಯಕ್ಷರ ಕೈಯಿಂದ ಮೈಕು ತಗೊಂಡು ನಕ್ಕೆ.

"ತಮಾಷೆ ಮಾಡ್ದೆ ಕಣ್ರೀ! ಅಧ್ಯಕ್ಷರು ಒಂದು ಗುಟ್ಟು ಇಟ್ಕೊಂಡಿದ್ರು, ತಡೀಲಾರ್ದೆ ನಾನೇ ಒಡೀತಿದೀನಿ. ಹೈಸ್ಕೂಲ್ ಮೈದಾನದಲ್ಲಿ ಲಾರಿ ನಿಂತಿದೆ. ಹೊಸ ಗುರ್ರಪ್ಪ ಬಂದಿದೆ. ಹೆಸರು ಹಿಡಿದು ಕರೆಯುತ್ತಂತೆ, ಹಿಂದೆ ಹಿಂದೆ ನಡ್ಕೊಂಡು ಬರುತ್ತಂತೆ. ಹಳೇದನ್ನ ಕುರ್ಚಿ ಮೇಲೆ ಬಿಟ್ಟು ಹೋದೋರಿಗೆ ಮಾತ್ರ. ಮೊದಲು ಹೋದೋರಿಗೆ ಮೊದಲು!"

ಪ್ರಾಣ ಹೋಗುತ್ತದೆ ಎಂದಾಗ ಕದಲದ ಜನ, ಪುಕ್ಕಟೆ ಎಂದಾಗ ಹೇಗೆ ಎದ್ದರೆಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ನಾಲ್ಕು ವರ್ಷ ಮಗುವಿನಂತೆ ಎತ್ತಿ ಆಡಿಸಿದ್ದನ್ನು ಕುರ್ಚಿಯ ಮೇಲೆ ಎಸೆದು ಬಾಗಿಲಿಗೆ ನುಗ್ಗಿದರು. ಕೈಬಿಟ್ಟ ಗುರ್ರಪ್ಪಗಳು ಒಂದೊಂದಾಗಿ ಸುಮ್ಮನಾಗುತ್ತ ಬಂದವು. ಚಾಚಾ ಬಾಗಿಲ ಬಳಿ ನಿಂತು, "ಸಾಲಾಗಿ, ಸಾಲಾಗಿ, ಲಾರಿ ಎಲ್ಲೂ ಹೋಗಲ್ಲ" ಎಂದು ಮುದುಕರ ರಟ್ಟೆ ಹಿಡಿದು ದಾಟಿಸುತ್ತಿದ್ದರು. ಅಧ್ಯಕ್ಷರು ನೀಲಕಂಠಪ್ಪನತ್ತ ತಿರುಗಿ, "ಏನಯ್ಯಾ, ಲಾರಿ ಬಂದಿರೋದು ನನಗೇ ಹೇಳಿಲ್ಲ?" ಎಂದರು. ತಾವು ಮೈದಾನ ಮುಟ್ಟುವ ಮೊದಲೇ ಹಂಚಿಬಿಟ್ಟಾರೆಂದು ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿ ವೇದಿಕೆಯಿಂದ ಧುಮುಕಿದರು. ನೀಲಕಂಠಪ್ಪನೂ ಫೋಟೋದವನೂ ಅವರ ಹಿಂದೆಯೇ ಓಡಿದರು.

ಖಾಲಿಯಾದ ಸಭಾಂಗಣದಲ್ಲಿ ಒಂದೇ ಒಂದು ಗುರ್ರು ಉಳಿದಿತ್ತು. ನಾಲ್ಕನೆಯ ಸಾಲಿನಲ್ಲಿ ಫಿಲೋಮಿನಾ ಟೀಚರ್ ಕೂತಿದ್ದರು. ನನಗೆ ಮಗ್ಗಿ ಕಲಿಸಿದವರು. ಎಂಬತ್ತರ ಹತ್ತಿರ ಹತ್ತಿರ. ತಮ್ಮ ಗುರ್ರಪ್ಪನಿಗೆ ರಾಜು ಎಂದು ಹೆಸರಿಟ್ಟುಕೊಂಡಿದ್ದರು.

"ಟೀಚರ್, ಏಳಿ."

"ನನಗೆ ಹೊಸದು ಬೇಡಮ್ಮ. ರಾಜು ನನಗೆ ಸಾಕು. ಹಳೇದಾಯ್ತು ಅಂತ ಬಿಟ್ಟು ಹೋಗೋದು ನನಗೆ ಗೊತ್ತಾಗಲ್ಲ. ನೀವೆಲ್ಲ ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ."

ಆ ಮಾತಿಗೆ ನನಗೆ ಕಣ್ಣು ತುಂಬಿತು. ಆದರೆ ತಲೆಯ ಮೇಲೆ ಮತ್ತೆ ಕಟ್ಟಿಗೆ ಮುರಿದ ಸದ್ದು. "ರಾಜೂನೂ ಎತ್ಕೊಂಡೇ ಬನ್ನಿ ಟೀಚರ್," ಎಂದು ಅವರ ಕಂಕುಳಿಗೆ ಕೈ ಹಾಕಿ ಎಬ್ಬಿಸಿದೆ. ಚಾಚಾ ಇನ್ನೊಂದು ಕಡೆ ಹಿಡಿದರು. ಬಾಗಿಲು ದಾಟಿ, ಜಗಲಿ ದಾಟಿ, ಬೀದಿಯ ಆಚೆ ಬದಿಗೆ ಕಾಲಿಟ್ಟಿದ್ದೆವು. ಹಿಂದೆ ನೆಲ ಒಮ್ಮೆ ಎದ್ದು ಕೂತಂತಾಯಿತು. ತಿರುಗಿ ನೋಡಿದರೆ ಧೂಳು ಬಿಟ್ಟು ಏನೂ ಕಾಣಲಿಲ್ಲ. ಧೂಳು ಇಳಿದಾಗ ನನ್ನ ಹೊಲಿಗೆ ಯಂತ್ರ ಅಧ್ಯಕ್ಷರ ಕುರ್ಚಿಯ ಮೇಲೆ ತಲೆಕೆಳಗಾಗಿ ಕೂತಿತ್ತು.

ಮೈದಾನಕ್ಕೆ ಹೋಗುವಷ್ಟರಲ್ಲಿ ಜನಕ್ಕೆ ಸದ್ದು ಕೇಳಿಸಿ, ಧೂಳೂ ಕಾಣಿಸಿತ್ತು. ಎಲ್ಲರೂ ಬಿಳಿಚಿಕೊಂಡು ನಿಂತಿದ್ದರು. ಎರಡೂ ಕೈ ಎದೆಯ ಮೇಲೆ, ಮಗುವನ್ನು ಹಿಡಿದಂತೆ ಬಾಗಿಸಿಕೊಂಡು. ಹಿಡಿಯುವುದಕ್ಕೆ ಏನೂ ಇರಲಿಲ್ಲ. ಮೊದಲು ಬಾಯಿಬಿಟ್ಟವಳು ಅಂಗಡಿಯಲ್ಲಿ ಅಂಚಿಗಾಗಿ ಜಗಳವಾಡಿದ್ದ ಹೆಂಗಸು.

"ಲಾರಿ ಎಲ್ಲಿ?"

"ಲಾರಿ ಇಲ್ಲಕ್ಕ. ಸುಳ್ಳು ಹೇಳ್ದೆ. ನೀವು ಎದ್ದು ಬರ್ಲಿ ಅಂತ."

"ಅಂದ್ರೆ ಹೊಸದೂ ಇಲ್ಲ?" ಆಕೆ ಕಟ್ಟಡದತ್ತ ನೋಡಿದಳು, ನನ್ನತ್ತ ನೋಡಿದಳು. "ಇದ್ದದ್ದನ್ನೂ ಕಳೆದ್ಯಲ್ಲೇ ಮಹರಾಯ್ತಿ!"

ಗುಂಪಿನಲ್ಲಿ ಗುಜುಗುಜು ಎದ್ದಿತು. ಬದುಕಿದೆವೆಂದು ಒಬ್ಬರೂ ಅನ್ನಲಿಲ್ಲ. ಅಷ್ಟರಲ್ಲಿ ಯಾರೋ ಟೀಚರ ಎದೆಯ ಮೇಲೆ ರಾಜುವನ್ನು ಕಂಡರು. ಊರಿಗೆ ಉಳಿದದ್ದು ಅದೊಂದೇ. ಎರಡು ನಿಮಿಷದಲ್ಲಿ ಟೀಚರ ಮುಂದೆ ಸಾಲು ಬೆಳೆಯಿತು. ಅವರು ಇಲ್ಲವೆನ್ನಲಿಲ್ಲ. "ಒಬ್ಬೊಬ್ಬರೇ ಬನ್ನಿ, ತಳ್ಳಬೇಡಿ, ಕಿವಿ ಎಳೀಬೇಡಿ" ಎಂದು ಶಾಲೆಯ ದನಿ ತೆಗೆದು, ಒಬ್ಬೊಬ್ಬರ ಎದೆಗೂ ಒಂದೊಂದು ಗಳಿಗೆ ರಾಜುವನ್ನು ಒತ್ತಿ ತೆಗೆಯುತ್ತಿದ್ದರು. ಹನ್ನೆರಡನೆಯವರಾಗಿ ಅಧ್ಯಕ್ಷರು ನಿಂತಿದ್ದರು. ಅವರ ಸರದಿಗೆ ಮುಂಚೆಯೇ ರಾಜುವಿನ ಮೋಟಾರು ಸುಟ್ಟ ವಾಸನೆ ಬಂತು. ಟೀಚರು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಯಾರನ್ನೂ ಮಾತಾಡಿಸದೆ ಮನೆಗೆ ನಡೆದರು. ನಾನು ಜತೆಗೆ ಬರುತ್ತೇನೆಂದೆ. ಬೇಡವೆಂದು ಕೈಯಾಡಿಸಿದರು.

ನಾಲ್ಕು ದಿನಕ್ಕೆ, ವಿಚಾರಣೆಗೆ ಬರಬೇಕೆಂದು ನನಗೆ ಪುರಸಭೆಯ ನೋಟೀಸು ಬಂತು. ಸುಳ್ಳು ಸುದ್ದಿ ಹಬ್ಬಿಸಿದ್ದು ಒಂದನೆಯ ತಪ್ಪು. ಊರಿನ ಅಷ್ಟೂ ಸಾಂತ್ವನ ಸಹಚರರ ನಾಶಕ್ಕೆ ಕಾರಣಳಾದದ್ದು ಎರಡನೆಯದು. ಚಾವಣಿ ಬಿದ್ದದ್ದರ ಬಗ್ಗೆ ಅದರಲ್ಲಿ ಇದ್ದದ್ದು ಒಂದೇ ಸಾಲು: 'ಸದರಿ ಘಟನೆಯ ವೇಳೆ ಯಾವ ನಾಗರಿಕರೂ ಗಾಬರಿಗೊಂಡಿರುವುದಿಲ್ಲ, ಇದು ಯೋಜನೆಯ ಯಶಸ್ಸನ್ನು ತೋರಿಸುತ್ತದೆ.' ಚಾಚಾಗೆ ಓದಿ ಹೇಳಿದೆ. ಅವರು, "ನೀನು ಹೋಗು. ನಾನೂ ಬರ್ತೀನಿ. ಈಗ ನನಗೂ ಭಯ ಅಂದ್ರೆ ಏನು ಅಂತ ಗೊತ್ತಾಗಿದೆ, ಇಬ್ಬರೂ ಜತೆಗೇ ಹೆದರೋಣ," ಎಂದರು.

ವಿಚಾರಣೆ ಪುರಸಭೆಯ ಹೊಂಗೆಮರದ ಕೆಳಗೆ ನಡೆಯಿತು. ಚಾವಣಿಯ ಕೆಳಗೆ ಕೂರಲು ಅಧ್ಯಕ್ಷರಿಗೇ ಮನಸ್ಸಿರಲಿಲ್ಲ. ಊರಿಗೆ ಊರೇ ಬಂದು ಬರಿಗೈಯಲ್ಲಿ ಸುತ್ತ ನಿಂತಿತ್ತು. ನೀಲಕಂಠಪ್ಪ ಕಡತ ಬಿಚ್ಚಿ, ಪೆನ್ನು ತೆಗೆದು, ಮೊದಲ ಸಾಲಿನಲ್ಲೇ ಸಿಕ್ಕಿಕೊಂಡ.

"ಹಣೆದೀಪದ ಬಣ್ಣ ಅಂತಿದೆ ಸಾರ್. ಏನು ಬರೀಲಿ?"

"ಬಿಟ್ಟು ಮುಂದೆ ಹೋಗಯ್ಯ," ಎಂದರು ಅಧ್ಯಕ್ಷರು.

"ಖಾಲಿ ಬಿಡೋ ಹಾಗಿಲ್ಲ ಸಾರ್. ಮೊಹರು ಬೀಳಲ್ಲ." ಅವನು ಅಭ್ಯಾಸಬಲದಿಂದ ನನ್ನ ಎದೆಯತ್ತ ನೋಡಿದ. ಅಲ್ಲಿ ನನ್ನ ಸೆರಗಿತ್ತು. ಬೇರೆ ದಾರಿಯಿಲ್ಲದೆ ಮುಖ ನೋಡಿದ. "ಅಮ್ಮಾ, ನೀವೇ ಹೇಳಿಬಿಡಿ. ಹೇಗನ್ನಿಸ್ತಿದೆ?"

ಮರದ ಬೊಡ್ಡೆಗೆ ಕೈ ಊರಿ ನಿಂತೆ.

"ಭಯ ಆಗ್ತಿದೆ ಸಾರ್. ಹಾಗಂತಲೇ ಬರ್ಕೊಳ್ಳಿ."

ಅವನು ಬರೆದ. ಕೆಳಗಿನ ಸಾಲಿಗೆ ಬಂದು ಬೆರಳಿಟ್ಟ. ಇಷ್ಟು ವರ್ಷ ಆ ಸಾಲಿಗೆ ಅವನು ಇಳಿದೇ ಇರಲಿಲ್ಲವೆಂದು ಕಾಣುತ್ತದೆ, ತೊದಲುತ್ತ ಓದಿದ: "ಯಾವುದರ... ಯಾವುದರ ಬಗ್ಗೆ?"

"ಹೆಣ್ಣುಮಕ್ಕಳ ಶಾಲೆಯ ಮೆಟ್ಟಿಲ ಕಂಬ ಒಂದು ಬದಿಗೆ ವಾಲಿದೆ. ದಿನಾ ಮಕ್ಕಳು ಹತ್ತಿ ಇಳೀತಾರೆ. ಆಸ್ಪತ್ರೆ ಮುಂದಿನ ಲೈಟ್ ಕಂಬದ ತಂತಿ ಕೈಗೆಟಕೋ ಹಾಗಿದೆ. ಆಮೇಲೆ ಕೆರೆ ಕೋಡಿ ಹತ್ರ..."

"ನಿಧಾನ, ನಿಧಾನ," ಎಂದ ನೀಲಕಂಠಪ್ಪ. ಹಾಳೆ ತುಂಬಿತ್ತು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಏನೋ ಹೇಳಹೊರಟರು. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಜನರನ್ನು ಸರಿಸುತ್ತ ಒಬ್ಬ ಹೆಂಗಸು ಮುಂದೆ ಬಂದರು. ಶಿವನಂಜಪ್ಪನವರ ಹೆಂಡತಿ. ಗಂಡನ ಕಡೆ ಕಣ್ಣೆತ್ತಿಯೂ ನೋಡದೆ ಸೀದಾ ಮೇಜಿನ ಹತ್ತಿರ ನಿಂತರು.

"ಇನ್ನೊಂದು ಹಾಳೆ ತಗೊಳ್ಳಪ್ಪ ನೀಲಕಂಠ," ಎಂದರು. "ನಂದೂ ಬರಕೋಬೇಕು."